ಅಪ್ಪ ಇಂಗ್ಲೀಷು ಮುರಿದ ಮಧ್ಯಾಹ್ನ

ನಮ್ಮಪ್ಪ ಇಂಗ್ಲೀಷ್ ಪತ್ರಿಕೆ ಓದುತ್ತಿರಲಿಲ್ಲ, ತಿದ್ದುತ್ತಿದ್ದರು. ಮದ್ರಾಸಿನಿಂದ ರೈಲಿನಲ್ಲಿ ಬರುವ ಪತ್ರಿಕೆ ಬಳ್ಳಾರಿಯ ಸತ್ಯನಾರಾಯಣಪೇಟೆಯ ನಮ್ಮ ಮನೆ ಮುಟ್ಟುವಷ್ಟರಲ್ಲಿ ಸುದ್ದಿ ಹಳಸಿಹೋಗಿರುತ್ತಿತ್ತು. ಅಪ್ಪನಿಗೆ ಅದರ ಚಿಂತೆಯೇ ಇಲ್ಲ. ಕೋರ್ಟಿನಿಂದ ಬಂದು, ರುಮಾಲು ತೆಗೆದು ಗೂಟಕ್ಕೆ ಹಾಕಿ, ಕಟ್ಟೆಯ ಮೇಲೆ ಕೂತು ಕೆಂಪು ಪೆನ್ಸಿಲ್ ಹಿಡಿದರೆಂದರೆ ಮುಗಿಯಿತು. ಎಲ್ಲೋ ಹಡಗು ಮುಳುಗಿರುತ್ತಿತ್ತು, ಎಲ್ಲೋ ಮಂತ್ರಿ ಬಿದ್ದಿರುತ್ತಿದ್ದ. ಅಪ್ಪ ‘ಛೇ ಛೇ’ ಎಂದು ಲೊಚಗುಟ್ಟುತ್ತಿದ್ದುದು ಹಡಗಿಗೂ ಅಲ್ಲ, ಮಂತ್ರಿಗೂ ಅಲ್ಲ. ಒಳಗಿನಿಂದ ಅವ್ವ ಕೂಗುತ್ತಿದ್ದಳು, “ಯಾರ್ ಸತ್ರು?”

“ಯಾರೂ ಸತ್ತಿಲ್ಲ ಬಿಡು. ವ್ಯಾಕರಣ ಸತ್ತೈತಿ” ಎನ್ನುತ್ತಿದ್ದರು ಅಪ್ಪ, ತಪ್ಪಿನ ಸುತ್ತ ಕೆಂಪು ಗೆರೆ ಎಳೆಯುತ್ತ.

ಅವರು ಜಿಲ್ಲಾ ಕೋರ್ಟಿನಲ್ಲಿ ದುಭಾಷಿ. ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ ಅದು. ಜಡ್ಜ್ ಸಾಹೇಬರು ದಕ್ಷಿಣದ ಯಾವುದೋ ಜಿಲ್ಲೆಯಿಂದ ವರ್ಗವಾಗಿ ಬರುತ್ತಿದ್ದರು, ಅವರಿಗೆ ಕನ್ನಡ ಬಾರದು. ಸಾಕ್ಷಿಗೆ ಬರುವವರು ಸಿರುಗುಪ್ಪ, ಕುರುಗೋಡು ಕಡೆಯ ಒಕ್ಕಲು ಮಂದಿ, ಅವರಿಗೆ ಇಂಗ್ಲೀಷ್ ಬಾರದು. ನಡುವೆ ನಮ್ಮಪ್ಪ. ಅವರು ಹೇಳಿದ್ದನ್ನು ಇವರಿಗೆ, ಇವರು ಹೇಳಿದ್ದನ್ನು ಅವರಿಗೆ ಮುಟ್ಟಿಸುವುದು ಅವರ ಕೆಲಸ. ಜಡ್ಜ್ ಬರೆದುಕೊಳ್ಳುತ್ತಿದ್ದುದು ಸಾಕ್ಷಿಯ ಮಾತನ್ನಲ್ಲ, ಅಪ್ಪನ ಇಂಗ್ಲೀಷನ್ನು.

ಆ ಕೆಲಸಕ್ಕೆ ಒಂದು ಕಟ್ಟುನಿಟ್ಟಿತ್ತು. ಸಾಕ್ಷಿ ‘ನಾನು’ ಎಂದರೆ ದುಭಾಷಿಯೂ ‘ನಾನು’ ಎಂದೇ ಹೇಳಬೇಕು. ‘ಅವನು ಹೀಗನ್ನುತ್ತಾನೆ’ ಎಂದು ಪಕ್ಕಕ್ಕೆ ಸರಿದು ನಿಲ್ಲುವ ಹಾಗಿಲ್ಲ. ಹೀಗಾಗಿ ಬಿಳಿ ಮೀಸೆಯ ನಮ್ಮಪ್ಪ, ಕರಿ ಕೋಟು, ಜರಿಯಂಚಿನ ರುಮಾಲಿನಲ್ಲಿ ಸೆಟೆದು ನಿಂತು, ‘ಆಗ ನಾನು ತುಂಬಿದ ಬಸುರಿ’ ಎಂದು ಇಂಗ್ಲೀಷಿನಲ್ಲಿ ಹೇಳಿದ್ದೂ ಉಂಟು. ಯಾರೂ ನಗುತ್ತಿರಲಿಲ್ಲ. ಹಾಗಿತ್ತು ಅವರ ಇಂಗ್ಲೀಷಿನ ಗತ್ತು. ಮನೆಯಲ್ಲಿ ಮಾತ್ರ ಅವ್ವ ಬಿಡುತ್ತಿರಲಿಲ್ಲ. ಕಾಲಿಗೆ ನೀರು ಕೊಡುತ್ತಲೇ ಕೇಳುತ್ತಿದ್ದಳು, “ಇವತ್ತು ಏನಾಗಿ ಬಂದ್ರಿ? ಕಳ್ಳನೋ, ಕಳಕೊಂಡವನೋ?”

“ಇವತ್ತು ಹೊಡಿಸಿಕೊಂಡವ” ಎಂದು ಅಪ್ಪ ಬೆನ್ನು ನೀವಿಕೊಂಡರೆ ಅವ್ವ ನಗುತ್ತ ಚಹಾ ಇಡಲು ಹೋಗುತ್ತಿದ್ದಳು.

ಅಪ್ಪ ಸಿರುಗುಪ್ಪದವರು, ಅವ್ವನ ತವರು ಕುರುಗೋಡು. ಮನೆಯಲ್ಲಿ ಆಡುತ್ತಿದ್ದುದು ಆ ಎರಡೂರಿನ ಕನ್ನಡವನ್ನೇ. ಕಾಯಿಪಲ್ಯೆ ಮಾರುವವಳ ಹತ್ತಿರ ತೆಲುಗು, ಜಟಕಾ ಸಾಹೇಬನ ಹತ್ತಿರ ಉರ್ದು. ಇವುಗಳಲ್ಲಿ ಯಾರು ಹೇಗೆ ಮಾತಾಡಿದರೂ ಅಪ್ಪ ತುಟಿ ಬಿಚ್ಚಿದವರಲ್ಲ. ಇಂಗ್ಲೀಷಿನಲ್ಲಿ ತಪ್ಪಿದರೆ ಮಾತ್ರ, ಎದುರಿಗಿರುವವನು ದೊಡ್ಡ ಆಫೀಸರನೇ ಆಗಲಿ, ಅವರ ಹುಬ್ಬು ಕುಣಿಯಲು ಶುರುವಾಗುತ್ತಿತ್ತು. ಅದೊಂದು ಕಾಯಿಲೆಯೇ ಸೈ. ನನ್ನನ್ನು ನೋಡಲು ಬಂದಿದ್ದ ಒಬ್ಬ ವರ, ಬಿ.ಎ. ಮಾಡಿದ ಗತ್ತಿನಲ್ಲಿ ನನಗೆ ಇಂಗ್ಲೀಷಿನಲ್ಲಿ ಏನೋ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಅವನ ವಾಕ್ಯವನ್ನು ಸರಿಮಾಡಿ, “ಈಗ ಕೇಳ್ರಿ” ಎಂದರು. ಅವನು ಕೇಳಲಿಲ್ಲ. ಉಪ್ಪಿಟ್ಟು ತಿಂದು ಎದ್ದುಹೋದ. ಅವ್ವ ಅಪ್ಪನ ಜೊತೆ ಮಾತು ಬಿಟ್ಟಳು. ನನಗಂತೂ ಖುಷಿಯಾಯಿತು, ಆ ವರನ ಮೂತಿ ನನಗೆ ಸರಿಬಂದಿರಲಿಲ್ಲ.

ನಾನು ಆಗ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹೊಸದಾಗಿ ಟೀಚರಮ್ಮ ಆಗಿದ್ದೆ. ಇಂಗ್ಲೀಷ್ ಕಲಿಸುತ್ತಿದ್ದೆ. ಒಂದು ದಿನ ರೇಗಿ ಕೇಳಿಯೇಬಿಟ್ಟೆ, “ಅಪ್ಪಾ, ಮನಿ ಮಾತಿಗೆ ಇಲ್ಲದ ಮಡಿ ಆ ಪರದೇಶಿ ಮಾತಿಗೆ ಯಾಕ?”

“ಮನಿ ಪಾತ್ರಿ ಹೆಂಗಿದ್ರೂ ನಡೀತೈತವ್ವಾ. ಮಂದಿ ಮನಿಯಿಂದ ಎರವು ತಂದ ಪಾತ್ರಿ ಇರತೈತಲ್ಲ, ಅದನ್ನ ತಿಕ್ಕಿ ಬೆಳಗಿ ಕೊಡಬೇಕು.”

“ಕೊಟ್ಟೋರು ಹಡಗ ಹತ್ತಿ ಹೋಗ್ಯಾರ. ಇನ್ನ ಯಾರಿಗೆ ಕೊಡ್ತೀರಿ?”

“ಪಾತ್ರಿ ಇಲ್ಲೇ ಬಿಟ್ಟು ಹೋಗ್ಯಾರಲ್ಲ. ತೊಳದು ಇಡೂದು ತಪ್ಪೇನು?” ಎಂದು ಅಪ್ಪ ಮತ್ತೆ ಪೆನ್ಸಿಲ್ ಹಿಡಿದರು. ಇಂಥವರ ಜೊತೆ ವಾದ ಮಾಡುವುದು ಹೇಗೆ ಹೇಳಿ! ಹೊರಗೆ ಸಿಟ್ಟು ಮಾಡಿದೆನಾದರೂ ಒಳಗೊಳಗೇ ನನಗೆ ಅಪ್ಪನ ಮೇಲೆ ಹೆಮ್ಮೆ. ಅವರು ಇಂಗ್ಲೀಷ್ ಮಾತಾಡುವುದನ್ನು ಕೇಳಬೇಕಿತ್ತು. ಒಂದು ಮಾತು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಹೊಸ ವಕೀಲರು ಕೆಲಸವಿಲ್ಲದಿದ್ದರೂ ಬಂದು ಕೂತು ಕೇಳಿಸಿಕೊಂಡು ಹೋಗುತ್ತಿದ್ದರಂತೆ.

ಸ್ವಾತಂತ್ರ್ಯ ಬಂದ ಮೇಲಿನ ಮಾತು ಇದು. ಸಿರುಗುಪ್ಪ ಕಡೆಯ ದೇಶನೂರಿನಲ್ಲಿ ದೀಪ ಹಚ್ಚುವ ಹೊತ್ತಿಗೆ ಒಬ್ಬರ ಹುಲ್ಲಿನ ಬಣವೆಗೆ ಬೆಂಕಿ ಬಿದ್ದು, ಪಕ್ಕದ ಕೊಟ್ಟಿಗೆಯೂ ಸುಟ್ಟಿತ್ತು. ಗದ್ದೆಗೆ ಕಾಲುವೆ ನೀರು ಬಿಡುವ ವಿಷಯದಲ್ಲಿ ಅವರ ಜೊತೆ ಬಾಯಿಗೆ ಬಾಯಿ ಹಚ್ಚಿದ್ದ ಒಬ್ಬ ಹರೆಯದವನನ್ನು ಪೊಲೀಸರು ಹಿಡಿದರು. ಬೆಂಕಿ ಬಿದ್ದ ಹೊತ್ತಿಗೆ ತಾನು ಊರಲ್ಲೇ ಇರಲಿಲ್ಲ, ತೆಕ್ಕಲಕೋಟೆಯಲ್ಲಿ ಅಕ್ಕನ ಮನೆಯಲ್ಲಿದ್ದೆ ಎಂದು ಅವನ ಮಾತು. ಅದಕ್ಕಿದ್ದ ಸಾಕ್ಷಿ ಆ ಅಕ್ಕ ಒಬ್ಬಳೇ. ಅವಳನ್ನು ಜಡ್ಜ್ ನಂಬಿದರೆ ಹುಡುಗ ಮನೆಗೆ, ನಂಬದಿದ್ದರೆ ವರ್ಷಗಟ್ಟಲೆ ಜೈಲಿಗೆ.

ಅವತ್ತು ನನ್ನ ಶಾಲೆಗೆ ರಜೆ. ಅಪ್ಪನಿಗೆ ಮಧ್ಯಾಹ್ನದ ಬುತ್ತಿ ಕೊಟ್ಟುಬರಲು ಹೋದವಳು, ಬೇಗ ಹೋಗಿದ್ದರಿಂದ ಒಳಗೆ ಹಿಂದಿನ ಬೆಂಚಿನ ಮೇಲೆ ಕೂತೆ. ಆ ಕೋಣೆಯಲ್ಲಿ ಹೆಂಗಸರೆಂದರೆ ನಾನು ಮತ್ತು ಕಟಕಟೆಯಲ್ಲಿ ನಿಂತಿದ್ದ ಆಕೆ, ಇಬ್ಬರೇ. ಒಣಗಿದ ಕೈಕಾಲು, ತಲೆ ತುಂಬ ಸೆರಗು. ಕಟಕಟೆಯ ಕಟ್ಟಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಎದುರಿಗೆ ತಮ್ಮ ನಿಂತಿದ್ದ. ಅವನ ಕಡೆ ಒಮ್ಮೆಯೂ ನೋಡಲಿಲ್ಲ, ನೋಡಿದರೆ ಅಳು ಬರುತ್ತದೆ ಎಂದಿರಬೇಕು.

ತಮ್ಮನ ಪರ ನಿಂತಿದ್ದ ಎಳೆಯ ವಕೀಲ ಅವತ್ತು ಏನಾಯಿತೆಂದು ಕೇಳಿದ್ದೇ ತಡ, ಆಕೆ ಶುರುಮಾಡಿದಳು.

“ಎಮ್ಮಿ ಈದಿತ್ರಿ. ತವರಿನಾಗ ಕೊಟ್ಟ ಎಮ್ಮಿರಿ ಅದು, ಇವನೇ ಸಾಕಿದ್ದ. ಒದಿತೈತ್ರಿ. ನನ್ನ ಒದಿತೈತಿ. ಇವನ್ನ ಒದಿಯಂಗಿಲ್ಲ. ಹಿಂಡಾಕ ಬಾರಪ್ಪಾ ಅಂತ ಹೇಳಿ ಕಳಿಸಿದ್ನಿ. ಬಂದ್ನರಿ ಇವ. ಹೊತ್ತು ಮುಣಗಿರಲಿಲ್ಲ, ಅಲ್ಲಲ್ಲ, ಮುಣಗಾಕ ಬಂದಿತ್ತು, ಬುಟ್ಟಿಯಾಗ ಕೋಳಿ ಮುಚ್ಚಿದ್ನಿ ನಾನು. ಬಂದು ಹಿಂಡಿದ. ನನ್ನ ಒದಿತೈತ್ರಿ ಅದು. ಗಿಣ್ಣ ಕಾಸಿದ್ನಿ. ಉಂಡ. ಅಲ್ಲೇ ಮಕ್ಕಂಡ. ಇನ್ನೇನ್ ಹೇಳ್ಲಿ, ಎಮ್ಮೀನ ಕೇಳ್ರಿ ಬೇಕಾದ್ರ!”

ಒಂದೇ ಉಸಿರಿಗೆ, ಧಡಧಡ. ಆಮೇಲೆ ಅಪ್ಪ ಗಂಟಲು ಸರಿಮಾಡಿಕೊಂಡು ಇಂಗ್ಲೀಷಿನಲ್ಲಿ ಹೇಳಿದರು. ಆಹಾ, ಏನು ಇಂಗ್ಲೀಷ್! ಆಕೆ ಹಿಂದುಮುಂದಾಗಿ ಹೇಳಿದ್ದನ್ನೆಲ್ಲ ಸರಿಯಾದ ಸಾಲಿನಲ್ಲಿ ಕೂರಿಸಿದ್ದರು. ನನ್ನ ಎಮ್ಮೆ ಕರು ಹಾಕಿದ್ದರಿಂದಲೂ, ಅದನ್ನು ಸಾಕಿ ಬೆಳೆಸಿದ ನನ್ನ ಸಹೋದರನ ಹೊರತು ಅನ್ಯರಿಗೆ ಅದು ಹಾಲು ಕೊಡದ ಕಾರಣದಿಂದಲೂ, ನಾನು ಅವನನ್ನು ಕರೆಸಿಕೊಂಡೆನು. ಸೂರ್ಯಾಸ್ತಕ್ಕೆ ತುಸು ಮುನ್ನ ಅವನು ಆಗಮಿಸಿ, ಹಾಲು ಕರೆದು, ಹಾಲಿನ ಒಂದು ಸಿಹಿಪದಾರ್ಥವನ್ನು ಸೇವಿಸಿ, ನನ್ನಲ್ಲಿಯೇ ತಂಗಿದನು. ಕನ್ನಡದಲ್ಲಿ ಹೇಳುವುದಾದರೆ ಹಾಗಿತ್ತು. ಎರಡೇ ವಾಕ್ಯ. ನಾನು ಕೂತಲ್ಲೇ ಬೀಗಿದೆ.

ಸರ್ಕಾರಿ ವಕೀಲರು ಎದ್ದು ನಿಂತರು. ಅವರೂ ನಗುತ್ತಿದ್ದರು. ಎಂಥ ಅಚ್ಚುಕಟ್ಟಾದ ಹೇಳಿಕೆ ಸ್ವಾಮಿ, ಎಂದರು ಇಂಗ್ಲೀಷಿನಲ್ಲಿ. ಒಂದು ಸುಕ್ಕಿಲ್ಲ, ಒಂದು ಅನುಮಾನವಿಲ್ಲ. ಓದುಬರಹ ಇಲ್ಲದ ಹೆಂಗಸು ಹೀಗೆ ಹೇಳಬೇಕಾದರೆ ಯಾರೋ ಕೂತು ಬಾಯಿಪಾಠ ಮಾಡಿಸಿದ್ದಾರೆ. ಉಸಿರು ತೆಗೆದುಕೊಳ್ಳದೆ ಒಪ್ಪಿಸಿದ್ದನ್ನು ನ್ಯಾಯಾಲಯ ನೋಡಿದೆಯಲ್ಲ!

ಜಡ್ಜ್ ತಲೆಯಾಡಿಸಿದರು. ಪುಸ್ತಕ ಓದಿದ ಹಾಗೇ ಇತ್ತು ಎಂದರು. ಅಷ್ಟು ಹೇಳಿ ಊಟಕ್ಕೆ ಎದ್ದರು.

ನನಗೆ ಮೈಯೆಲ್ಲ ಉರಿಯಿತು. ಎಮ್ಮೀನ ಕೇಳ್ರಿ ಎಂದವಳಿಗೆ ಬಾಯಿಪಾಠವೇ? ಆ ಎಳೆಯ ವಕೀಲನಾದರೂ ಏನಾದರೂ ಹೇಳಬಾರದೆ? ಅವನು ಬಾಯಲ್ಲಿ ಕಡುಬು ತುಂಬಿಕೊಂಡವನ ಹಾಗೆ ಕೂತಿದ್ದ. ಕಟಕಟೆಯಿಂದ ಇಳಿದ ಆಕೆಗೆ ಏನು ನಡೆಯಿತೆಂದೇ ತಿಳಿದಿರಲಿಲ್ಲ. ತನ್ನ ಮಾತು ಮುಗಿಯಿತು, ತಮ್ಮ ಬಿಡುಗಡೆಯಾದ ಎಂದುಕೊಂಡು ಹಣೆಯ ಬೆವರು ಒರೆಸಿಕೊಂಡಳು.

ಹೊರಗೆ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದೆ. ರೊಟ್ಟಿ, ಪುಂಡಿಪಲ್ಯ, ಅಪ್ಪನಿಗೆ ಪ್ರಾಣ. ಅವರು ಮುಟ್ಟಲಿಲ್ಲ. ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಅದರ ಜರಿಯನ್ನು ನೋಡುತ್ತ ಕೂತರು.

“ಉಣ್ರಿ ಅಪ್ಪಾ. ನೀವೇನು ಮಾಡಾಕ ಆಕೈತಿ? ನೀವು ಸರಿಯಾಗಿ ಹೇಳೀರಿ” ಎಂದೆ.

“ಸರಿಯಾಗೇ ಹೇಳೀನಿ. ತೊಂದರಿ ಬಂದಿದ್ದು ಅದಕ್ಕಽ.” ಆಮೇಲೆ ತಲೆಯೆತ್ತಿದರು. ಕಣ್ಣು ಕೆಂಪಗಾಗಿತ್ತು. “ಅಕಿ ಸುಳ್ಳು ಹೇಳಾಕತ್ತಿಲ್ಲ ತಾಯಿ. ನನ್ನ ಇಂಗ್ಲೀಷು ಸುಳ್ಳು ಹೇಳಾಕತ್ತೈತಿ.”

ಅಪ್ಪ ರುಮಾಲನ್ನು ಮತ್ತೆ ಸುತ್ತಿಕೊಂಡು ಒಳಗೆ ಹೋದರು. ಬುತ್ತಿ ಕಟ್ಟಿ ನಾನೂ ಹಿಂದೆಯೇ ಹೋದೆ.

ಜಡ್ಜ್ ಬಂದು ಕೂತು, ಆಕೆಯನ್ನು ಮತ್ತೆ ಕಟಕಟೆಗೆ ಹತ್ತಿಸಿದರು. ಸರ್ಕಾರಿ ವಕೀಲರ ಪಾಟೀಸವಾಲು ಶುರುವಾಗುವ ಮೊದಲೇ ಅಪ್ಪ ಕೈಮುಗಿದು, ಅರಿಕೆಯೊಂದಿದೆ ಎಂದರು. ಬೆಳಿಗ್ಗೆಯಿಂದ ತಾವು ಕೇಳಿದ್ದು ಈ ಹೆಣ್ಣುಮಗಳ ಸಂಗತಿ, ಆದರೆ ನನ್ನ ಭಾಷೆ. ಈಕೆ ತಡವರಿಸಿದಲ್ಲಿ ನಾನು ತಡವರಿಸಲಿಲ್ಲ. ಒಂದೇ ಮಾತನ್ನು ಈಕೆ ಮತ್ತೆ ಮತ್ತೆ ಆಡಿದರೆ ನಾನು ಒಮ್ಮೆ ಆಡಿದೆ. ಅಂದವಾಗಿ ಹೇಳುವುದು ನನಗೆ ಚಟ. ಅಪ್ಪಣೆಯಾದರೆ ಇನ್ನು ಮುಂದೆ ಆಕೆಯ ಮಾತು ಹೇಗೆ ಬೀಳುತ್ತದೋ ಹಾಗೇ ಎತ್ತಿಕೊಡುತ್ತೇನೆ. ಇಷ್ಟನ್ನು ಅಪ್ಪ ತಮ್ಮ ಎಂದಿನ ಇಂಗ್ಲೀಷಿನಲ್ಲೇ ಹೇಳಿದರು. ಆ ಮಧ್ಯಾಹ್ನ ಅವರ ಬಾಯಿಂದ ಬಂದ ಕೊನೆಯ ಸರಿಯಾದ ಇಂಗ್ಲೀಷ್ ಅದು.

ದುಭಾಷಿ ಸಾಕ್ಷಿಯ ಪರ ವಕಾಲತ್ತು ವಹಿಸುತ್ತಿದ್ದಾರೆ ಎಂದು ಸರ್ಕಾರಿ ವಕೀಲರು ಎಗರಾಡಿದರು. ಜಡ್ಜ್ ಕೈಯೆತ್ತಿ ಅವರನ್ನು ತಡೆದರು. ದುಭಾಷಿ ಹೇಳಿದ್ದು ಸಾಕ್ಷಿಯ ವಿಷಯವಲ್ಲ, ತಮ್ಮ ಇಂಗ್ಲೀಷಿನ ವಿಷಯ ಎಂದು ಹೇಳಿ, ಮುಂದುವರಿಸಿ ಎಂದರು.

ತಮ್ಮ ಬಂದಾಗ ಎಷ್ಟು ಹೊತ್ತಾಗಿತ್ತು ಎಂದು ಪ್ರಶ್ನೆ. ಆಕೆ ಮತ್ತೆ ಎಮ್ಮೆಯಿಂದಲೇ ಹೊರಟಳು. ಅಪ್ಪ ರುಮಾಲನ್ನು ಒಮ್ಮೆ ಒತ್ತಿ ಕೂರಿಸಿಕೊಂಡರು. ಆಮೇಲೆ ನನ್ನಪ್ಪ, ಮದ್ರಾಸಿನ ಪತ್ರಿಕೆಗೆ ಗೆರೆ ಎಳೆಯುವ ನನ್ನಪ್ಪ, ತುಂಬಿದ ಕೋರ್ಟಿನಲ್ಲಿ ಹೇಳಿದರು, “ಬಫಲೋ ಈಸ್ ಕಿಕಿಂಗ್, ಸಾರ್. ಮಿ ಇಟ್ ಈಸ್ ಕಿಕಿಂಗ್. ಹಿಮ್ ಇಟ್ ಈಸ್ ನಾಟ್ ಕಿಕಿಂಗ್.”

ವಕೀಲರ ಸಾಲಿನಿಂದ ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು. ಬಾಗಿಲ ಜವಾನನೂ ನಕ್ಕ, ಅವನಿಗೆ ಏನು ತಿಳಿಯಿತೋ ದೇವರೇ ಬಲ್ಲ. ಅಪ್ಪನ ಕಿವಿ ಕೆಂಪಗಾದವು. ಆದರೆ ನಿಲ್ಲಿಸಲಿಲ್ಲ. ಆಕೆ ‘ಅಲ್ಲಲ್ಲ’ ಎಂದಲ್ಲಿ ಅವರೂ ‘ನೋ ನೋ’ ಎಂದರು. ಆಕೆ ಕೋಳಿ ಮುಚ್ಚಿದ ಮಾತನ್ನು ಮತ್ತೆ ಎತ್ತಿದರೆ ಅವರೂ ಎತ್ತಿದರು. ಆಕೆ ಉಸಿರು ಎಳೆದಲ್ಲಿ ಅವರೂ ಎಳೆದರು. ಅವರೇ ಸೆರಗು ಹೊದ್ದು ಅಲ್ಲಿ ನಿಂತಂತಿತ್ತು. ನನಗೆ ಅಳು ಬಂತು. ಅವಮಾನಕ್ಕಲ್ಲ, ಇಷ್ಟು ದೊಡ್ಡ ಮನುಷ್ಯ ನನ್ನಪ್ಪ ಎಂದು ಬಂದ ಅಳು.

ನಗದೇ ಇದ್ದವರು ಜಡ್ಜ್ ಒಬ್ಬರೇ. ಬೆಳಿಗ್ಗೆಯೆಲ್ಲ ಬಗ್ಗಿ ಬರೆಯುತ್ತಿದ್ದವರು ಈಗ ಲೇಖನಿ ಕೆಳಗಿಟ್ಟು ಆಕೆಯ ಮುಖ ನೋಡತೊಡಗಿದರು. ಗಿಣ್ಣ ಎಂಬ ಮಾತು ಬಂದಾಗ ಅಪ್ಪ ಅದನ್ನು ಈ ಸಲ ಸಿಹಿಪದಾರ್ಥ ಮಾಡಲಿಲ್ಲ, ಗಿಣ್ಣ ಎಂದೇ ಬಿಟ್ಟರು. ಹಾಗೆಂದರೇನು ಎಂದು ಜಡ್ಜ್ ಕೇಳಿದರು.

“ಗಿಣ್ಣ ಗೊತ್ತಿಲ್ಲೇನ್ರಿ ಸ್ವಾಮಿ?” ಆಕೆಗೆ ಜಡ್ಜ್ ಮೇಲೆ ಮರುಕವೇ ಬಂತು. “ಈದ ಎಮ್ಮಿ ಹಾಲು, ಬೆಲ್ಲ ಹಾಕಿ ಕಾಸಿದ್ರ ಹಿಂಗ ಗಟ್ಟಿ ಆಗತೈತಿ ನೋಡ್ರಿ” ಎಂದು ಕೈಯಲ್ಲಿ ಕತ್ತರಿಸಿ ತೋರಿಸಿದಳು. “ಓಣಿಗೆಲ್ಲಾ ಕೊಟ್ಟೀನ್ರಿ. ಇವನಽ ಹಂಚಿ ಬಂದ. ಯಾರ್ನ ಬೇಕಾದ್ರೂ ಕೇಳ್ರಿ.”

ಜಡ್ಜ್ ತಮ್ಮ ಭಾಷೆಯಲ್ಲಿ ಏನೋ ಒಂದು ಪದ ಗೊಣಗಿದರು. ಅವರ ಊರಲ್ಲೂ ಅದನ್ನು ಕಾಸುತ್ತಾರೆಂದು ಮುಖದ ಮೇಲೇ ಕಂಡಿತು. ಅದೇ ದಿನ ಎಂದು ನಿನಗೆ ಹೇಗೆ ನೆನಪು ಎಂದು ಸರ್ಕಾರಿ ವಕೀಲರು ಗದರಿದರು. ಗಿಣ್ಣ ದಿನಾ ಆಕೈತೇನ್ರಿ ಎಂದಳು. ಅವರಿಗೆ ತಾಳ್ಮೆ ತಪ್ಪಿತು. ಇದನ್ನೆಲ್ಲ ಹೀಗೇ ಹೇಳಬೇಕೆಂದು ನಿನಗೆ ಯಾರು ಕಲಿಸಿದರು, ನಿಜ ಹೇಳು ಎಂದು ಮೇಜು ಗುದ್ದಿದರು.

ಆಕೆ ಕಕ್ಕಾಬಿಕ್ಕಿಯಾಗಿ ಅವರನ್ನು ನೋಡಿದಳು. “ಕಲಿಸೋರು ಇದ್ದಿದ್ರ ಇಷ್ಟು ಕೆಟ್ಟದಾಗಿ ಹೇಳತಿದ್ನೇನ್ರಿ ಯಪ್ಪಾ?”

ಅಪ್ಪ ಅದನ್ನು ಅಷ್ಟೇ ಕೆಟ್ಟ ಇಂಗ್ಲೀಷಿನಲ್ಲಿ ಹೇಳಿದರು. ಈ ಸಲ ಜಡ್ಜ್ ಕೂಡ ನಕ್ಕರು. ಆದರೆ ಆ ನಗು ಬೇರೆ. ನಕ್ಕು, ಲೇಖನಿ ಎತ್ತಿಕೊಂಡು ಬರೆದುಕೊಂಡರು.

ಅವತ್ತು ಸಂಜೆ ಅವ್ವ ನೀರಿನ ತಂಬಿಗೆ ಹಿಡಿದು ಎಂದಿನಂತೆ ಕೇಳಿದಳು, “ಏನಾಗಿ ಬಂದ್ರಿ ಇವತ್ತು?”

“ಎಮ್ಮಿ ಒದಿಸಿಕೊಂಡ ಹೆಣ್ಮಗಳಾಗಿ ಬಂದೀನಿ” ಎಂದರು ಅಪ್ಪ. ಪತ್ರಿಕೆ ಬಿಡಿಸಿಕೊಂಡು ಕೂತರು, ಪೆನ್ಸಿಲ್ ಎತ್ತಲಿಲ್ಲ. ಕತ್ತಲಾಗುವವರೆಗೂ ಸದ್ದಿಲ್ಲದ್ದನ್ನು ಕಂಡು ಅವ್ವ ಹೊರಗೆ ಇಣುಕಿ, “ಇವತ್ತು ಯಾರೂ ಸಾಯಲಿಲ್ಲೇನು?” ಎಂದಳು. ನಾನು ಅವಳನ್ನು ಒಳಗೆ ಕರೆದುಕೊಂಡು ಹೋಗಿ ನಡೆದುದನ್ನೆಲ್ಲ ಹೇಳಿದೆ. ರಾತ್ರಿ ಊಟಕ್ಕೆ ಅವ್ವ ಅಪ್ಪನ ತಾಟಿಗೆ ಮಧ್ಯಾಹ್ನ ಉಳಿದ ಪುಂಡಿಪಲ್ಯದ ಮೇಲೆ ಒಗ್ಗರಣೆ ಬೇರೆ ಹಾಕಿ ಬಡಿಸಿದಳು.

ವಕೀಲರ ಬಾಯಿಗೆ ಬೀಗ ಹಾಕುವವರು ಯಾರು? ಅಪ್ಪ ವರಾಂಡದಲ್ಲಿ ಕಂಡರೆ ಸಾಕು, “ಬಫಲೋ ಹೇಗಿದೆ ಸಾರ್?” ಎನ್ನುತ್ತಿದ್ದರಂತೆ. ಬಂದು ಕೂತು ಇಂಗ್ಲೀಷ್ ಕೇಳಿಸಿಕೊಂಡು ಹೋಗುತ್ತಿದ್ದವರೇ! “ಚೆನ್ನಾಗಿದೆ, ನಿಮ್ಮನ್ನೇ ಕೇಳುತ್ತಿತ್ತು” ಎಂದು ಅಪ್ಪ ಮುಂದೆ ಹೋಗುತ್ತಿದ್ದರು. ನನಗೆ ಅವರೆಲ್ಲರ ಕಿವಿ ಹಿಂಡುವಷ್ಟು ಸಿಟ್ಟು.

ತೀರ್ಪಿನ ದಿನ ಅರ್ಧ ದಿನ ರಜೆ ಹಾಕಿ ಹೋದೆ. ಅಕ್ಕನ ಮಾತನ್ನು ನಂಬದಿರಲು ಕಾರಣ ಕಾಣದು ಎಂದು ಜಡ್ಜ್ ಓದಿದರು. ತಮ್ಮ ಬಿಡುಗಡೆಯಾದ. ವರಾಂಡದಲ್ಲಿ ಆಕೆ ಅವನ ಮುಖ, ತಲೆ, ಬೆನ್ನು ಎಲ್ಲ ಸವರಿ ಅತ್ತು, ಆಮೇಲೆ ಆ ಎಳೆಯ ವಕೀಲನ ಕಾಲಿಗೆ ಬಿದ್ದಳು. ಅವನೂ ಏನೋ ಮಾಡಿದವನ ಹಾಗೆ ಆಶೀರ್ವಾದ ಮಾಡಿದ, ನೋಡಿ! ನಾನು ಹಲ್ಲು ಕಚ್ಚಿಕೊಂಡು ನಿಂತೆ. ಅಲ್ಲಿದ್ದ ಇನ್ನೊಬ್ಬ ಹೆಂಗಸು ನಾನೇ ಆದ್ದರಿಂದ ಆಕೆ ಕಣ್ಣೊರೆಸಿಕೊಳ್ಳುತ್ತ ನನ್ನ ಹತ್ತಿರ ಬಂದಳು.

“ಯವ್ವಾ, ನೀನು ಅವತ್ತೂ ಬಂದಿದ್ದಿ. ಆ ರುಮಾಲಿನ ಯಜಮಾನ್ರು ನಿನಗೇನಾಗಬೇಕು?”

“ನಮ್ಮಪ್ಪ.”

ಆಕೆ ಸುತ್ತ ನೋಡಿ, ನನ್ನ ಕೈ ಹಿಡಿದುಕೊಂಡು, ದನಿ ಇಳಿಸಿದಳು. “ಬೇಜಾರು ಮಾಡ್ಕಬ್ಯಾಡ ತಾಯಿ. ಅವರಿಗೆ ಇಂಗ್ಲೀಷು ಅಷ್ಟು ಬರಂಗಿಲ್ಲ ಅಂತ ಕಾಣತೈತಿ. ಅವತ್ತು ಅವರು ಬಾಯಿ ತಗದ್ರ ಎಲ್ಲಾರೂ ನಗಾಕತ್ತಿದ್ರು. ನನ್ನ ಹೊಟ್ಟ್ಯಾಗ ಚುರ್ ಅಂತು. ಪಾಪ, ವಯಸ್ಸಾದೋರು. ನೀನು ಓದಿದಾಕಿ ಇದ್ದಂಗೈತಿ. ಸ್ವಲ್ಪ ಕಲಿಸವ್ವಾ.”

ಯಾರ ಇಂಗ್ಲೀಷಿಗೆ ಏನನ್ನುತ್ತೀ, ನಿನ್ನ ತಮ್ಮ ಇವತ್ತು ಮನೆಗೆ ಹೊರಟಿರುವುದು ಯಾರಿಂದ ಗೊತ್ತೇ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಹೆಗಲ ಮೇಲೆ ಕೈ ಬಿತ್ತು. ಅಪ್ಪ ಯಾವಾಗಲೋ ಬಂದು ಹಿಂದೆ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು.

“ಹೌದವ್ವಾ” ಎಂದರು ಆಕೆಗೆ. “ಇನ್ನಾ ಕಲಿಯಾಕತ್ತೀನಿ.”